ಭೂಗರ್ಭಶಾಸ್ತ್ರದ ಗೆರೆ

ನಮ್ಮ ಊರಿನ ವಿಶ್ವವಿದ್ಯಾಲಯದಲ್ಲಿ ಡಿಗ್ರಿಗೆ ಸೇರಲು ಅಂಕಪಟ್ಟಿ ಕೇಳುವುದಿಲ್ಲ. ವಯಸ್ಸನ್ನೂ ಕೇಳುವುದಿಲ್ಲ. ನಿಮಗೆ ಚೆನ್ನಾಗಿ ಬರುವ ಒಂದು ಕೆಲಸವನ್ನು ಒತ್ತೆ ಇಡಬೇಕು, ಅಷ್ಟೆ. ನೋಂದಣಿ ಹಾಲಿನ ನಡುವೆ ಒಂದು ತಕ್ಕಡಿ ಇದೆ. ಅದರ ಮುಂದೆ ಆ ಕೆಲಸವನ್ನು ಕೊನೆಯ ಸಲ ಮಾಡಿ ತೋರಿಸಬೇಕು. ತಟ್ಟೆ ಇಳಿಯುತ್ತದೆ. ಪಕ್ಕದ ಕಲ್ಲುಕಂಬದ ಮೇಲೆ ಗೆರೆ ಎಳೆದು ಒಂದರ ಕೆಳಗೊಂದು ವಿಷಯಗಳ ಹೆಸರು ಬರೆದಿದ್ದಾರೆ. ತಟ್ಟೆ ಎಷ್ಟು ಕೆಳಗೆ ಇಳಿಯಿತೋ ಅಲ್ಲಿಯವರೆಗಿನ ವಿಷಯಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ವರ್ಷಕ್ಕೆ ಒಬ್ಬರಿಗೆ ಒಂದೇ ಸಲ. ಆಮೇಲೆ ಆ ಕೆಲಸ ನಿಮಗೆ ಬರುವುದಿಲ್ಲ. ಮತ್ತೆ ಕಲಿಯಲು ಹೋದರೂ ಕೈಗೆ ಹತ್ತುವುದಿಲ್ಲ.

ಊರಿನವರು ಇದಕ್ಕೆ ಎಂದೋ ಒಗ್ಗಿಕೊಂಡಿದ್ದಾರೆ. ಬ್ಯಾಂಕಿನ ಮ್ಯಾನೇಜರು ಸೈಕಲ್ಲನ್ನು ತಳ್ಳಿಕೊಂಡೇ ಓಡಾಡುತ್ತಾರೆ. ವಾಣಿಜ್ಯಶಾಸ್ತ್ರಕ್ಕೆ ಸೇರುವಾಗ ಸೈಕಲ್ ತುಳಿಯುವುದನ್ನು ಇಟ್ಟರು, ಸೈಕಲ್ಲನ್ನು ಮಾರಲು ಮಾತ್ರ ಮನಸ್ಸು ಬರಲಿಲ್ಲ. ಸಂಸ್ಕೃತದ ಮೇಷ್ಟ್ರಿಗೆ ಪಂಚೆ ಉಡಲು ಬರುವುದಿಲ್ಲ, ಹೆಂಡತಿ ಉಡಿಸಿ ಕಳಿಸುತ್ತಾರೆ. ಗಂಡಿನ ಕಡೆಯವರು ಹುಡುಗ ಏನು ಓದಿದ್ದಾನೆ ಎಂದು ಹೇಳುವ ಮೊದಲೇ ಹೆಣ್ಣಿನ ಕಡೆಯವರು ಏನು ಇಟ್ಟಿದ್ದಾನೆ ಎಂದು ಕೇಳುತ್ತಾರೆ. ಒಂದು ಮರ್ಯಾದೆಯನ್ನು ಮಾತ್ರ ಊರಿನಲ್ಲಿ ಯಾರೂ ಮೀರುವುದಿಲ್ಲ: ಒತ್ತೆ ಇಟ್ಟದ್ದನ್ನು ಮಾಡು ಎಂದು ಯಾರನ್ನೂ ಕೇಳುವಂತಿಲ್ಲ, ಬರುವುದಿಲ್ಲವಲ್ಲ ಎಂದು ನಗುವಂತಿಲ್ಲ. ಸಂಸ್ಕೃತದ ಮೇಷ್ಟ್ರ ಪಂಚೆ ಪೇಟೆ ಬೀದಿಯಲ್ಲಿ ಕಳಚಿಬಿದ್ದ ದಿನ ತರಕಾರಿಯವರು, ಟೀ ಅಂಗಡಿಯವರು, ಎಲ್ಲರೂ ಆಕಾಶ ನೋಡುತ್ತಾ ನಿಂತಿದ್ದರು.

ಉಳ್ಳವರ ಮಕ್ಕಳಿಗೆ ಈ ತಾಪತ್ರಯ ಇಲ್ಲ. ಅವರಿಗಾಗಿ ಒತ್ತೆ ತರಬೇತಿ ಕೇಂದ್ರಗಳಿವೆ. ನಿಂಬೆಹಣ್ಣುಗಳನ್ನು ಎಸೆದು ಎಸೆದು ಹಿಡಿಯುವುದು, ಮೂಗಿನ ಮೇಲೆ ಕೋಲು ನಿಲ್ಲಿಸುವುದು, ವರ್ಣಮಾಲೆಯನ್ನು ಕೊನೆಯಿಂದ ಒಪ್ಪಿಸುವುದು, ಹೀಗೆ ಯಾವುದಕ್ಕೂ ಬಾರದ ವಿದ್ಯೆಗಳನ್ನು ಎಳವೆಯಿಂದಲೇ ಅಲ್ಲಿ ಶ್ರದ್ಧೆಯಿಂದ ಕಲಿಸುತ್ತಾರೆ. ವರ್ಷಗಟ್ಟಲೆ ಕಲಿತದ್ದಕ್ಕೆ ತೂಕ ಬರುತ್ತದೆ. ಕಳೆದುಕೊಂಡರೆ ನಷ್ಟವೂ ಇಲ್ಲ. ಕಂಬದ ತಳದಲ್ಲಿರುವ ವೈದ್ಯಕೀಯದ ಗೆರೆ ಮುಟ್ಟುವವರೆಲ್ಲ ನಿಂಬೆಹಣ್ಣಿನವರೇ.

ನಮ್ಮ ಮನೆ ಇದ್ದದ್ದು ಕೆಳಗಿನ ಕೇರಿಯಲ್ಲಿ. ನಮ್ಮಪ್ಪ ಗವಿಯಪ್ಪನದು ಕ್ಷೌರದ ಕೆಲಸ. ಬಸ್ ನಿಲ್ದಾಣದ ಹಿಂದೆ ಒಂದು ಕನ್ನಡಿ, ಒಂದು ಕುರ್ಚಿಯ ಅಂಗಡಿ ಇತ್ತು. ದೊಡ್ಡಬೀದಿಯವರು ಅಂಗಡಿಗೆ ಬರುತ್ತಿರಲಿಲ್ಲ. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಅಪ್ಪನೇ ಸಾಮಾನಿನ ಚೀಲ ಹಿಡಿದು ಅವರ ಮನೆಗಳ ಹಿತ್ತಿಲಿಗೆ ಹೋಗುತ್ತಿದ್ದ. ಎರಡನೇ ಕ್ಲಾಸಿನಿಂದ ನಾನೂ ಜೊತೆಗೆ ಹೋದೆ. ಅಪ್ಪ ನನಗೆ ಕತ್ತರಿ ಹಿಡಿಯುವುದಕ್ಕಿಂತ ಮೊದಲು ಕಲಿಸಿದ್ದು ಹಿತ್ತಿಲಿಗೆ ಹೋಗುವುದನ್ನು. ಚಪ್ಪಲಿಯನ್ನು ಗಲ್ಲಿಯ ತಿರುವಿನಲ್ಲೇ ಬಿಡಬೇಕು. ಹೆಗಲ ಮೇಲಿನ ಟವೆಲ್ಲನ್ನು ಕಂಕುಳಿಗೆ ಸೇರಿಸಬೇಕು. ಗೋಡೆಯ ಬದಿಯಲ್ಲೇ ನಡೆದು ಬಾಗಿಲಿಗೆ ಮೊದಲು ನಿಂತು ಕೆಮ್ಮಬೇಕು. ಆ ಕೆಮ್ಮು ಒಳಗಿನವರಿಗೆ ಕೇಳಿಸಬೇಕು, ಆದರೆ ಕರೆದಂತೆ ಇರಬಾರದು. ಜೋರಾದರೆ ಬೈಗುಳ, ಸಣ್ಣದಾದರೆ ಮಧ್ಯಾಹ್ನದವರೆಗೆ ನಿಲ್ಲಬೇಕು. ಯಜಮಾನರು ತಮಾಷೆ ಮಾಡಿದರೆ ನಗಬೇಕು, ಅವರಿಗಿಂತ ಮೊದಲು ನಿಲ್ಲಿಸಬೇಕು. ಅಪ್ಪ ಇದನ್ನೆಲ್ಲ ತಪ್ಪಿದಾಗ ತಲೆಗೆ ಮೊಟಕಿ ಮೊಟಕಿ ಕಲಿಸಿದ. ಆಮೇಲೆ ಕತ್ತರಿ ಕೊಟ್ಟ.

ಹೈಸ್ಕೂಲಿಗೆ ಬಂದಾಗ ಬೆಟ್ಟದ ಮೇಲೆ, ವಿಶ್ವವಿದ್ಯಾಲಯದ ಪಕ್ಕದಲ್ಲಿದ್ದ ಹಾಸ್ಟೆಲ್ ಸೇರಿದೆ. ಅಲ್ಲಿ ಭಾನುವಾರ ವರಾಂಡದಲ್ಲಿ ಸ್ಟೂಲ್ ಹಾಕಿ ಹುಡುಗರಿಗೆ ಕಟಿಂಗ್ ಮಾಡುತ್ತಿದ್ದೆ. ಸೋಪು, ಪೆನ್ನು, ಬಸ್ಸಿನ ಚಾರ್ಜು ಅದರಿಂದಲೇ ಆಗುತ್ತಿತ್ತು. ಯಾವ ರೂಮಿನವನಾದರೂ ನಾನು ತಗ್ಗಿಸು ಎಂದರೆ ತಲೆ ತಗ್ಗಿಸುತ್ತಿದ್ದ, ಅದೂ ನನಗೆ ಇಷ್ಟವಾಗುತ್ತಿತ್ತು. ಉಳಿದ ಹೊತ್ತು ಹಾಸ್ಟೆಲ್ಲಿನ ಲೈಬ್ರರಿ. ಲೈಬ್ರರಿ ಎಂದರೆ ಎರಡು ಬೀರು, ಒಂದರ ಬಾಗಿಲು ತೆರೆಯುತ್ತಿರಲಿಲ್ಲ. ತೆರೆಯುವ ಬೀರುವಿನಲ್ಲಿ ಕಲ್ಲುಗಳ ಬಗ್ಗೆ ಒಂದು ಪುಸ್ತಕ ಸಿಕ್ಕಿತು. ಅಪ್ಪ ರೇಜರು ಮಸೆಯುವಂಥ ನುಣುಪು ಕಲ್ಲು ಒಂದು ಕಾಲದಲ್ಲಿ ನೀರಿನ ತಳದ ಕೆಸರಾಗಿತ್ತು ಎಂದು ಅದರಲ್ಲಿ ಬರೆದಿತ್ತು. ನಮ್ಮ ತಾತನ ಕಾಲದಿಂದ ಮನೆಯಲ್ಲಿದ್ದ ಕಲ್ಲು. ಅದರ ಮೇಲೆ ನಾನು ಲೆಕ್ಕವಿಲ್ಲದಷ್ಟು ಸಲ ನೀರು ಚಿಮುಕಿಸಿದ್ದೇನೆ. ಅದು ಎಲ್ಲಿಂದ ಬಂತು ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಓದಿದರೆ ಭೂಗರ್ಭಶಾಸ್ತ್ರವನ್ನೇ ಓದಬೇಕು ಎಂದು ನಾನು ನಿರ್ಧಾರ ಮಾಡಿದ್ದು ಹೀಗೆ. ಕಂಬದ ಮೇಲೆ ಅದರ ಗೆರೆ ವೈದ್ಯಕೀಯಕ್ಕಿಂತ ಒಂದೇ ಒಂದು ಗೆರೆ ಮೇಲಿತ್ತು. ಅಲ್ಲಿಯವರೆಗೆ ತಟ್ಟೆ ಇಳಿಸುವಂಥದ್ದು ನನ್ನ ಹತ್ತಿರ ಇದ್ದದ್ದು ಒಂದೇ, ಕತ್ತರಿ.

ನೋಂದಣಿಗೆ ಮುಂಚಿನ ಭಾನುವಾರ ಅಪ್ಪ ಹಾಸ್ಟೆಲ್ಲಿಗೆ ಬಂದ. ನಾನು ರೂಮಿನ ಗೆಳೆಯ ಚೌಡೇಶನ ತಲೆಯ ಮೇಲೆ ಕತ್ತರಿ ಆಡಿಸುತ್ತಿದ್ದೆ. ಅಪ್ಪ ಮೆಟ್ಟಿಲ ಮೇಲೆ ಕೂತು ನನ್ನ ಕೈಯನ್ನೇ ನೋಡಿದ. ಕಿವಿಯ ಹಿಂದೆ ಇನ್ನೊಂಚೂರು ತಗಿ ಎಂದ. ತೆಗೆದೆ. ಚೌಡೇಶ ಎದ್ದು ಕನ್ನಡಿ ನೋಡಿಕೊಳ್ಳುವಾಗ ಅಪ್ಪ ವಿಷಯಕ್ಕೆ ಬಂದ.

"ಏನ್ ಮಡಗ್ತೀಯ?"

ಇನ್ನೂ ನೋಡಬೇಕು ಎಂದೆ.

"ನೋಡಾದೇನ್ಲಾ ಐತೆ? ಕತ್ತರೀನೆ ಮಡಗು. ಇದು ಕೈಯಲ್ಲಿ ಇರಾಗಂಟ ನಿನ್ನ ಕರೀತಾನೆ ಇರ್ತಾರೆ. ನೀನು ದೇವಲೋಕದ ಡಿಗ್ರಿ ತಕಂಡ್ರೂ ಕರೀತಾರೆ. ಮಾದೇಶನ್ನ ನೋಡ್ಲಿಲ್ವಾ?"

ಮಾದೇಶ ನನ್ನ ಚಿಕ್ಕಪ್ಪನ ಮಗ. ಕೇರಿಯಲ್ಲಿ ಡಿಗ್ರಿ ಮಾಡಿದವರಲ್ಲಿ ಅವನೇ ಮೊದಲಿಗ. ಈಜುವುದನ್ನು ಇಟ್ಟು ಇತಿಹಾಸ ತೆಗೆದುಕೊಂಡ. ಡಿಗ್ರಿ ಮುಗಿಸಿ ಪ್ಯಾಂಟು, ಶರ್ಟು ಹಾಕಿ, ವಾಚು ಕಟ್ಟಿಕೊಂಡು ಮನೆಗೆ ಬಂದ ಮೂರನೇ ದಿನವೇ ದೊಡ್ಡಬೀದಿಯ ಯಜಮಾನ ಪುಟ್ಟಸ್ವಾಮಪ್ಪನವರು ಆಳು ಕಳಿಸಿದರು. ಗವಿಯಪ್ಪನಿಗೆ ಕೈ ನಡುಗುತ್ತದೆ, ಹುಡುಗ ಬರಲಿ ಎಂದು ನೆಪ ಹೇಳಿಸಿದರು. ಮಾದೇಶ ಹೋದ. ವಾಚು ಬಿಚ್ಚಿಟ್ಟು ಹೋದ. ಗಡ್ಡ ಕೆರೆಯುವಾಗ ಯಜಮಾನರು ಯಾವುದೋ ರಾಜನ ಹೆಸರು ಕೇಳಿದರಂತೆ, ಇವನು ಹೇಳಿದನಂತೆ, ಎಲ್ಲರೂ ನಕ್ಕರಂತೆ. ಆಮೇಲೆ ಅವನು ಊರು ಬಿಟ್ಟ. ಈಗ ಎಲ್ಲಿದ್ದಾನೋ, ಕೇರಿಯಲ್ಲಿ ಯಾರೂ ಅವನ ಮಾತು ಎತ್ತುವುದಿಲ್ಲ.

ಕತ್ತರಿ ಹೋದರೆ ಭಾನುವಾರದ ಗತಿ ಏನು, ಸೋಪಿಗೆ ಯಾರನ್ನು ಕೇಳಲಿ ಎಂದು ವಾದ ಮಾಡಿದೆ. ಸೋಪು ನಾನು ತಂದುಕೊಡ್ತೀನಿ ಎಂದ ಅಪ್ಪ. ನನಗೆ ಬರುವುದು ಇದೊಂದೇ ಎಂದೆ. ಅದಕ್ಕೇ ಹೇಳ್ತಿರೋದು ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಸಿಟ್ಟು ಮಾತ್ರ ಬಂತು. ಒಬ್ಬ ತಂದೆ ಇಡೀ ಆಯಸ್ಸು ಸವೆಸಿ ಕಲಿಸಿದ್ದನ್ನು ತಾನೇ ಕಸಕ್ಕೆ ಹಾಕು ಎನ್ನುವಂತೆ ಮಾಡಿದವರ ಮೇಲೆ ಬರಬೇಕಿತ್ತು, ಎದುರಿಗಿದ್ದದ್ದು ಅಪ್ಪ, ಅವನ ಮೇಲೆಯೇ ಬಂತು. ಕೊನೆಗೆ ಆಯಿತು ಎಂದು ಒಪ್ಪಿಕೊಂಡೆ. ಕೊನೆಯ ಸಲ ತೋರಿಸಲು ಒಂದು ತಲೆ ಬೇಕಲ್ಲ, ಚೌಡೇಶ ತನ್ನದನ್ನು ಕೊಡುತ್ತೇನೆ ಎಂದ. ಅವತ್ತು ತಾನೇ ಕಟಿಂಗ್ ಆಗಿತ್ತು. ಇನ್ನೊಂದು ಸುತ್ತು ಆದರೆ ಬೋಳೇ ಆಗುತ್ತೆ, ಆಗಲಿ ಬಿಡೋ, ವಿದ್ಯಾದಾನ ಎಂದು ನಗಾಡಿದ.

ನೋಂದಣಿಯ ದಿನ ಹಾಲು ತುಂಬಿತ್ತು. ತಕ್ಕಡಿಯ ಪಕ್ಕದ ಮೇಜಿನಲ್ಲಿ ಗುಮಾಸ್ತೆ ಪದ್ಮಾಕ್ಷಮ್ಮ ಕೂತಿದ್ದರು. ತಮ್ಮ ಕಾಲದಲ್ಲಿ ಅಡುಗೆಗೆ ಉಪ್ಪು ಹಾಕುವ ಹದವನ್ನು ಇಟ್ಟು ಓದಿದವರು. ಅವರ ಊಟದ ಡಬ್ಬಿಗೆ ಆಫೀಸಿನಲ್ಲಿ ಯಾರೂ ಕೈ ಹಾಕುತ್ತಿರಲಿಲ್ಲ. ನಮ್ಮಿಬ್ಬರ ಮುಂದೆ ಇದ್ದ ಹುಡುಗ ನಿಂಬೆಹಣ್ಣುಗಳನ್ನು ಹಾರಿಸಿದ, ತಟ್ಟೆ ವೈದ್ಯಕೀಯಕ್ಕೆ ಇಳಿಯಿತು, ಹಣ್ಣುಗಳೆಲ್ಲ ಅವನ ತಲೆಯ ಮೇಲೆ ಬಿದ್ದವು, ಅವನ ಅಮ್ಮ ಪೇಡ ಹಂಚಿದರು. ಆಮೇಲೆ ಚೌಡೇಶನ ಸರದಿ. ಅವನು ಬಸ್ ಕಂಡಕ್ಟರುಗಳು ತಿರುಗಿ ನೋಡುವಂಥ ಸೀಟಿ ಹೊಡೆಯುತ್ತಿದ್ದ. ಅದನ್ನು ಹೊಡೆದ. ತಟ್ಟೆ ಅರ್ಥಶಾಸ್ತ್ರ ಮುಟ್ಟಲಿಲ್ಲ, ಸಾರ್ವಜನಿಕ ಆಡಳಿತದ ಹತ್ತಿರ ತೂಗಾಡಿ ನಿಂತಿತು. ಇನ್ನೊಮ್ಮೆ ತುಟಿ ಮುಂದೆ ಮಾಡಿದ, ಬರೀ ಗಾಳಿ ಬಂತು. ಸರ್ಕಾರಕ್ಕೆ ಇಷ್ಟೇ ಸಾಕು ಎಂದು ಹೇಳಿ, ನನ್ನ ಸ್ಟೂಲಿನ ಮೇಲೆ ಬಂದು ಕೂತು ಕುತ್ತಿಗೆ ಬಗ್ಗಿಸಿದ.

ನಾನು ಅವನ ಹೆಗಲಿಗೆ ಟವೆಲ್ ಹೊದಿಸಿದೆ. ಬಾಚಣಿಗೆ ತೆಗೆದುಕೊಂಡೆ. ತಲೆಗೆ ಮುಟ್ಟಿಸುವ ಮೊದಲು ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಆಡಿಸುವುದು ನಮ್ಮ ಕೈಯ ಅಭ್ಯಾಸ. ಆಡಿಸಿದೆ. ಶುರು ಮಾಡಪ್ಪ, ಹಿಂದೆ ಎಷ್ಟು ಜನ ಇದ್ದಾರೆ ನೋಡು ಎಂದರು ಪದ್ಮಾಕ್ಷಮ್ಮ.

ಆಗ ಹಾಲಿನ ಬಾಗಿಲ ಕಡೆಯಿಂದ ಒಂದು ಕೆಮ್ಮು ಕೇಳಿಸಿತು.

ಅಷ್ಟು ಗಲಾಟೆಯಲ್ಲೂ ಕೇಳಿಸಿತು, ಯಾಕೆಂದರೆ ಅದನ್ನು ಕೇಳಿಸುವಂತೆಯೇ ಮಾಡಿರುವುದು. ತಿರುಗಿ ನೋಡಿದೆ. ಅಪ್ಪ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಬೇರೆ ತಂದೆತಾಯಿಗಳೆಲ್ಲ ಮಕ್ಕಳ ಹಿಂದೆ ಒಳಗೇ ಬಂದು ನಿಂತಿದ್ದರು, ಇವನು ಚಪ್ಪಲಿ ಹೊರಗೆ ಬಿಟ್ಟು, ಟವೆಲ್ಲನ್ನು ಕಂಕುಳಿಗೆ ಸೇರಿಸಿ, ಗೋಡೆಯ ಪಕ್ಕ ನಿಂತು, ಬೆಂಚಿನ ಮೇಲೆ ಕೂತ ಜವಾನನಿಗೆ ಕೇಳುವಂತೆ ಕೆಮ್ಮುತ್ತಿದ್ದ. ಜವಾನ ಕತ್ತು ಎತ್ತಲಿಲ್ಲ. ಅಪ್ಪ ಕಾಯುತ್ತಾ ನಿಂತ. ಅವನಿಗೆ ಬೇಸರವೇನೂ ಇದ್ದಂತೆ ಕಾಣಲಿಲ್ಲ. ಆ ಕೆಲಸದಲ್ಲಿ ಅವನನ್ನು ಮೀರಿಸುವವರು ಊರಿನಲ್ಲಿ ಇರಲಿಲ್ಲ.

ಮಾದೇಶ ವಾಚು ಬಿಚ್ಚಿಟ್ಟು ಹೋದದ್ದು ನೆನಪಾಯಿತು. ಯಾರೂ ಅವನ ಕೈ ಹಿಡಿದು ಎಳೆದುಕೊಂಡು ಹೋಗಿರಲಿಲ್ಲ. ಕತ್ತರಿ ಬರದಿದ್ದರೂ ಅವನು ಹೋಗುತ್ತಿದ್ದ. ಸೌದೆ ಒಡೆಯಲು ಕರೆದಿದ್ದರೂ ಹೋಗುತ್ತಿದ್ದ.

ನಾನು ಕತ್ತರಿಯನ್ನು ಚೌಡೇಶನ ತೊಡೆಯ ಮೇಲೆ ಇಟ್ಟೆ.

"ಯಾಕಪ್ಪ? ಕತ್ತರಿ ಇಟ್ಟುಬಿಟ್ರೆ ನಾನೇನು ತೂಗಲಿ?" ಎಂದರು ಪದ್ಮಾಕ್ಷಮ್ಮ.

ಬೇರೆ ಒಂದು ಇದೆ, ಮೇಡಂ, ಎಂದೆ. ಅದರ ಹೆಸರು ಹೇಳು, ಬರೆದುಕೊಳ್ಳಬೇಕು ಎಂದರು. ಹೆಸರು ನನಗೂ ಗೊತ್ತಿಲ್ಲ, ಮಾಡಿ ತೋರಿಸುತ್ತೇನೆ, ಹೆಸರನ್ನು ನೀವೇ ಇಡಿ ಎಂದೆ. ಚೌಡೇಶ ಕುತ್ತಿಗೆ ಬಗ್ಗಿಸಿಕೊಂಡೇ, ತಟ್ಟೆ ಇಳಿಯದೆ ಹೋದರೆ ನನ್ನ ಜೊತೆ ಸರ್ಕಾರಕ್ಕೆ ಬರ್ತೀಯ ನೋಡು ಎಂದು ಪಿಸುಗುಟ್ಟಿದ. ಅವನು ಹೇಳಿದ್ದು ನಿಜ. ಈ ಕೆಲಸವನ್ನು ಅಲ್ಲಿ ಯಾರೂ ತೂಗಿರಲಿಲ್ಲ. ಅದು ಕೆಲಸ ಎಂದು ತಕ್ಕಡಿ ಒಪ್ಪದಿದ್ದರೆ ಆ ವರ್ಷ ಕಲ್ಲುಗಳ ಆಸೆ ಬಿಟ್ಟಂತೆಯೇ.

ಚೌಡೇಶನ ಹೆಗಲ ಮೇಲಿದ್ದ ಟವೆಲ್ ಎಳೆದುಕೊಂಡು ಹಾಲಿನ ಹೊರಗೆ ಹೋದೆ. ಅಪ್ಪನನ್ನು ದಾಟಿಕೊಂಡೇ ಹೋದೆ, ಅವನು ಏನ್ಲಾ ಎಂದ. ಅವನ ಚಪ್ಪಲಿಯ ಪಕ್ಕ ನನ್ನ ಚಪ್ಪಲಿ ಬಿಟ್ಟೆ. ಟವೆಲ್ ಕಂಕುಳಿಗೆ ಸೇರಿಸಿದೆ. ಬೆನ್ನನ್ನು ಎಷ್ಟು ಬೇಕೋ ಅಷ್ಟು ಇಳಿಸಿದೆ. ಅದು ನನಗೆ ಉಸಿರಾಡಿದಷ್ಟೇ ಸಲೀಸಾಗಿ ಬರುತ್ತಿತ್ತು. ಗೋಡೆಯ ಬದಿಯಲ್ಲಿ ನಡೆದು ಬಂದು ಮೇಜಿನಿಂದ ದೂರದಲ್ಲೇ ನಿಂತು ಕೆಮ್ಮಿದೆ. "ಬಂದಿವ್ನಿ, ಬುದ್ದಿ" ಎಂದೆ. ಕಣ್ಣು ನೆಲದ ಮೇಲೆ.

ಪದ್ಮಾಕ್ಷಮ್ಮ ಒಳ್ಳೆಯ ಹೆಂಗಸು. ಎಲ್ಲ ಹುಡುಗರನ್ನೂ ಅಪ್ಪ, ಮಗು ಎಂದೇ ಮಾತಾಡಿಸುವವರು. ಒಂದು ಕ್ಷಣದ ಹಿಂದೆ ನನ್ನ ಜೊತೆ ಮಾತಾಡಿದವರು. ಅವರು ತಲೆ ಎತ್ತದೆಯೇ, "ಅಲ್ಲೇ ನಿಂತ್ಕೊಳ್ಳೋ, ಕರೀತೀನಿ" ಎಂದು ಹೇಳಿ ಮುಂದಿನ ಹೆಸರು ನೋಡತೊಡಗಿದರು.

ನಾನು ನಿಂತೆ. ಸಾಲಿನಲ್ಲಿದ್ದವರು ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ತಮ್ಮ ತಮ್ಮ ಮಾತಿಗೆ ಹೊರಳಿದರು. ಪೇಡದ ಡಬ್ಬಿ ನನ್ನ ಮುಂದಿನಿಂದ ಆ ಕಡೆಗೆ ಹಾದುಹೋಯಿತು.

ಆಗ ತಟ್ಟೆ ಢಣ್ ಎಂದು ನೆಲಕ್ಕೆ ಬಡಿಯಿತು.

ಪದ್ಮಾಕ್ಷಮ್ಮ ಬೆಚ್ಚಿ ತಟ್ಟೆ ನೋಡಿದರು, ನನ್ನನ್ನು ನೋಡಿದರು. ತಾವು ಏನು ಹೇಳಿದೆವು ಎಂಬುದು ಅವರಿಗೆ ಆಗ ಹೊಳೆಯಿತು. ಮುಖ ಕೆಂಪಾಯಿತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ನಾನು ಅಷ್ಟರಲ್ಲಿ ಮೇಜಿನ ಹತ್ತಿರ ಹೋಗಿ ಅವರ ಎದುರಿನ ಕುರ್ಚಿಯಲ್ಲಿ ಕೂತಿದ್ದೆ. ಅದು ಪ್ರೊಫೆಸರುಗಳ ಕುರ್ಚಿ ಎಂದು ಆಮೇಲೆ ಚೌಡೇಶ ಹೇಳಿದ.

"ಏನಂತ ಬರ್ಕೊಳ್ಳಲಿ?" ಎಂದು ಮೆಲ್ಲಗೆ ಕೇಳಿದರು.

ಕೆಮ್ಮು ಎಂದು ಬರೆಯಿರಿ ಎಂದೆ. ಬರೆದರು. ವೈದ್ಯಕೀಯವೂ ಸಿಗುತ್ತದೆ, ಯೋಚನೆ ಮಾಡು ಎಂದರು. ಕಲ್ಲು ಸಾಕು ಎಂದೆ.

ಅಪ್ಪನಿಗೆ ಇದು ಏನೂ ಹಿಡಿಸಲಿಲ್ಲ. ಕತ್ತರಿಯ ಕೆಲಸ ನನ್ನ ಕೈಯಲ್ಲೇ ಉಳಿದಿರುವುದನ್ನು ನೋಡಿ ಅವನ ಮುಖ ಇಳಿದುಹೋಯಿತು. "ಕೆಮ್ಮ ಮಡಗ್ದ್ನಂತೆ, ಕೆಮ್ಮ. ರಜಕ್ಕೆ ಮನೆಗೆ ಬಾ, ನೋಡೀವಂತೆ" ಎಂದು ಹೇಳಿ ಬಸ್ಸಿಗೂ ಕಾಯದೆ ಬೆಟ್ಟ ಇಳಿದ.

ರಜೆ ಬಂತು. ಮನೆಗೆ ಹೋದ ಮಾರನೆಯ ದಿನವೇ ಪುಟ್ಟಸ್ವಾಮಪ್ಪನವರ ಆಳು ಬಂದು ಹುಡುಗನನ್ನು ಕಳಿಸಬೇಕಂತೆ ಎಂದ. ಅಪ್ಪ ನನ್ನ ಮುಖ ನೋಡಿದ. ನಾನು ಹೇಳಲಿಲ್ವಾ ಎಂದು ಅವನು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಚೀಲ ಹಿಡಿದು ಇಬ್ಬರೂ ಹೊರಟೆವು. ದೊಡ್ಡಬೀದಿ ಬಂತು. ಅಪ್ಪ ಗಲ್ಲಿಯ ತಿರುವಿನಲ್ಲಿ ಚಪ್ಪಲಿ ಬಿಟ್ಟು ಹಿತ್ತಿಲ ಕಡೆ ಹೋದ. ನನಗೆ ಎದುರಿಗೆ ಮುಂಬಾಗಿಲು ಕಂಡಿತು, ಅಲ್ಲಿಗೆ ಹೋದೆ. ಅದನ್ನು ಯಾರೂ ಧೈರ್ಯ ಎಂದು ಹೊಗಳಬೇಡಿ. ಬೇರೆ ಏನು ಮಾಡಬೇಕು ಎಂಬುದು ನನಗೆ ನಿಜವಾಗಿ ತಿಳಿಯಲಿಲ್ಲ. ಒಬ್ಬರ ಮನೆಗೆ ಹೋದರೆ ಬಾಗಿಲಲ್ಲಿ ಹೋಗುತ್ತಾರೆ. ಕಾಲೊರೆಸಿನ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ನಡೆದೆ. ಪಡಸಾಲೆಯಲ್ಲಿ ಯಜಮಾನರು ಪೇಪರ್ ಓದುತ್ತಿದ್ದರು. ಅವರ ಪಕ್ಕದ ಕುರ್ಚಿ ಖಾಲಿ ಇತ್ತು. ಕೂತೆ. ಹೇಳಿ ಕಳಿಸಿದ್ದಿರಂತೆ ಎಂದೆ.

ಪೇಪರ್ ಕೆಳಗೆ ಇಳಿಯಿತು. ಒಳಗಿನಿಂದ ಒಬ್ಬ ಹೆಂಗಸು ಇಣುಕಿ ನೋಡಿ ಹಾಗೇ ನಿಂತುಬಿಟ್ಟಳು. ನಡುಮನೆಯ ಆಚೆ, ಹಿತ್ತಿಲ ಬಾಗಿಲಿನ ಬೆಳಕಿನಲ್ಲಿ, ಅಪ್ಪ ಕಾಣಿಸುತ್ತಿದ್ದ. ಕೆಮ್ಮಲು ಬಾಯಿಗೆ ತಂದ ಕೈ ಅಲ್ಲೇ ಉಳಿದಿತ್ತು.

"ಎಲ್ಲಿ ಕೂತಿದೀಯ, ಗ್ಯಾನ ಐತೇನ್ಲಾ?" ಎಂದರು ಯಜಮಾನರು.

ಕುರ್ಚಿಯಲ್ಲಿ ಎಂದೆ. ತಮಾಷೆಗೆ ಹೇಳಿದ್ದಲ್ಲ, ಕೇಳಿದರು ಎಂದು ಹೇಳಿದೆ. ಅವರು ಎದ್ದು ನಿಂತರು. ಎಲ್ಲಿ ನಿಲ್ಲಬೇಕು, ಹೇಗೆ ನಿಲ್ಲಬೇಕು ಎಂದು ನಿಮ್ಮಪ್ಪ ಕಲಿಸಲಿಲ್ಲವಾ ಎಂದು ಏರುದನಿಯಲ್ಲಿ ಕೇಳಿದರು.

"ಕಲಿಸಿದ್ದ. ಒತ್ತೆ ಇಟ್ಟಿದೀನಿ" ಎಂದೆ.

ಯಜಮಾನರೂ ಆ ತಕ್ಕಡಿಯ ಮುಂದೆ ನಿಂತವರೇ. ಕಾನೂನು ಓದಲು ಮರ ಹತ್ತುವುದನ್ನು ಇಟ್ಟಿದ್ದರು. ಅವರ ತೋಟದ ಮಾವಿನಕಾಯಿ ಕೀಳಲು ಇವತ್ತಿಗೂ ಬೇರೆಯವರು ಬೇಕು, ಅದರ ಬಗ್ಗೆ ಊರಿನಲ್ಲಿ ಒಬ್ಬನೂ ತುಟಿ ಬಿಚ್ಚಿದವನಲ್ಲ. ಒತ್ತೆಯ ಮರ್ಯಾದೆಯನ್ನು ಅವರೂ ಮೀರುವಂತಿರಲಿಲ್ಲ. ಕುರ್ಚಿಗೆ ಕುಸಿದು, ನನ್ನ ಕಡೆ ನೋಡದೆ ಕೇಳಿದರು.

"ಕಟಿಂಗಾದ್ರೂ ಬರ್ತದಾ, ಅದನ್ನೂ ಇಟ್ಯೋ?"

ಚೆನ್ನಾಗಿ ಬರುತ್ತದೆ ಎಂದೆ. ಬಸ್ ನಿಲ್ದಾಣದ ಹಿಂದೆ ನಮ್ಮ ಅಂಗಡಿ ಇದೆ, ಸಂಜೆಯವರೆಗೆ ಇರುತ್ತೇನೆ, ಬನ್ನಿ, ಒಳ್ಳೆಯ ಕುರ್ಚಿ ಇದೆ ಎಂದು ಹೇಳಿ ಎದ್ದು ಬಂದೆ.

ಯಜಮಾನರು ಬರಲಿಲ್ಲ. ಆ ವಾರವೇ ಅವರೂ ಇನ್ನೆರಡು ಮನೆಯವರೂ ಅಪ್ಪನನ್ನು ಕರೆಯುವುದು ಬಿಟ್ಟರು. ಕ್ಷೌರಕ್ಕೆಂದು ಅವರು ಅಳೆದುಕೊಡುತ್ತಿದ್ದ ವರ್ಷದ ಕಾಳು ಬರಲಿಲ್ಲ, ಮನೆಯಲ್ಲಿ ಅದು ಗೊತ್ತಾಯಿತು. ಕೂದಲು ಮಾತ್ರ ಯಾರ ಮರ್ಜಿಗೂ ಕಾಯದೆ ಬೆಳೆಯುತ್ತದೆ. ಮೊದಲು ಯಜಮಾನರ ಮೊಮ್ಮಗ ಅಂಗಡಿಗೆ ಬಂದ, ಹಣೆಯ ಮೇಲೆ ಇಷ್ಟು ಬಿಡಿ ಅಣ್ಣ ಎಂದು ಕೂತ. ಅವನನ್ನು ನೋಡಿ ಆ ಬೀದಿಯ ಇನ್ನೂ ಕೆಲವು ಹುಡುಗರು ಬಂದರು. ನಾನು ಬೆಟ್ಟಕ್ಕೆ ವಾಪಸ್ ಹೋದಾಗ ಅಪ್ಪನೇ ಅವರನ್ನು ಕುರ್ಚಿಯಲ್ಲಿ ಕೂರಿಸಿ ತಲೆ ತಗ್ಗಿಸಿ ಎನ್ನುತ್ತಿದ್ದನಂತೆ. ಹೇಳುವ ಮೊದಲು ಒಂದು ಸಲ ಕೆಮ್ಮುತ್ತಿದ್ದನಂತೆ.

ಮುಂದಿನ ಬೇಸಿಗೆಯಲ್ಲಿ ಒಂದು ಸಂಜೆ ಅಪ್ಪ ರೇಜರು ಮಸೆಯುತ್ತಿದ್ದ. ಆ ಕಲ್ಲಿನ ಕಥೆಯನ್ನು ನಾನು ಹೇಳುತ್ತಿದ್ದೆ, ಕೆಸರು ಒತ್ತಿ ಒತ್ತಿ ಹೇಗೆ ಗಟ್ಟಿಯಾಯಿತು, ತಳದಲ್ಲಿದ್ದದ್ದು ಹೇಗೆ ಮೇಲೆ ಬಂತು ಎಂದು. ಅವನು ಕೈ ನಿಲ್ಲಿಸಿ ಕೇಳುತ್ತಿದ್ದ. ಆಮೇಲೆ ಕಲ್ಲನ್ನೇ ನೋಡುತ್ತಾ ಕೇಳಿದ.

"ಅಲ್ಲಿ ವಯಸ್ಸಾದೋರ್ನೂ ತಕತಾರಾ?"

ವಯಸ್ಸು ಕೇಳುವುದಿಲ್ಲ ಎಂದೆ. ಏನು ಓದ್ತೀಯಪ್ಪ ಎಂದೆ. ಅದನ್ನೆಲ್ಲ ಆಮೇಲೆ ನೋಡುವ, ಮೊದಲು ತೂಕ ಆಗಲಿ ಎಂದ. ನಿನ್ನ ಕೆಮ್ಮಿಗೆ ತಟ್ಟೆ ನೆಲ ಒಡೆದುಕೊಂಡು ಹೋಗುತ್ತೆ, ಪದ್ಮಾಕ್ಷಮ್ಮ ದಂಡ ಹಾಕ್ತಾರೆ ಎಂದೆ. ಅಪ್ಪ ನಕ್ಕ. ನಾನು ನಿಲ್ಲಿಸಿದ ಮೇಲೂ ನಗುತ್ತಲೇ ಇದ್ದ.

ನೋಂದಣಿಯ ದಿನ ನಾನೂ ಚೌಡೇಶನೂ ಅವನನ್ನು ಸಾಲಿನಲ್ಲಿ ನಿಲ್ಲಿಸಿದೆವು. ಹಿಂದೆ ಮುಂದೆ ನಿಂಬೆಹಣ್ಣಿನ ಹುಡುಗರು, ನಡುವೆ ಅಪ್ಪ. ಸಾಲು ಮುಂದೆ ಸರಿದು ಹಾಲಿನ ಬಾಗಿಲು ಬಂತು. ಅವನು ಬಗ್ಗಿ ಚಪ್ಪಲಿ ಬಿಡತೊಡಗಿದ. ಇಲ್ಲಿ ಯಾರೂ ಬಿಡಲ್ಲ, ಹಾಕ್ಕೊಂಡೇ ಬಾರಪ್ಪ ಎಂದೆ. ಅಪ್ಪ ಎರಡನ್ನೂ ಗೋಡೆಯ ಬದಿಗೆ ನೀಟಾಗಿ ಜೋಡಿಸಿ, ಟವೆಲ್ಲನ್ನು ಕಂಕುಳಿಗೆ ಸೇರಿಸಿ, ಗಂಟಲು ಸರಿಮಾಡಿಕೊಂಡ.

"ಇರ್ಲಿ ಸುಮ್ಕಿರ್ಲಾ," ಎಂದ. "ತೂಗಾಗಂಟ ಬೇಕಲ್ಲ."